ಪ್ರಾಥಮಿಕ ಶಾಲೆಯ ಸಲಹೆಗಾರ: ಒಂದು ರೂಢ ಚರಿತ್ರೆಯ ವಿಮರ್ಶೆ

೧

ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ಉಪಾಧ್ಯಾಯರಲ್ಲದೆ, ಮಕ್ಕಳ ಮನಸ್ಸಿನ ಯೋಗಕ್ಷೇಮವನ್ನು ವಿಚಾರಿಸುವುದಕ್ಕಾಗಿಯೇ ಬೇರೊಬ್ಬರು ಇರಬೇಕೆ, ಇದ್ದರೆ ಅವರ ಕಾರ್ಯವೇನು ಎಂಬುದು ಶಿಕ್ಷಣಶಾಸ್ತ್ರಜ್ಞರ ಪ್ರಶ್ನೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇದು ಚರಿತ್ರೆಯ ಪ್ರಶ್ನೆಯೂ ಹೌದು. ಒಂದು ಹುದ್ದೆ ಯಾವ ಕಾಲದಲ್ಲಿ, ಯಾರ ಅಗತ್ಯಕ್ಕಾಗಿ, ಯಾರ ಹಣದಿಂದ ಹುಟ್ಟಿತು ಎಂಬುದು ಆ ಹುದ್ದೆಯ ನಡೆವಳಿಕೆಯಲ್ಲಿ ಬಹುಕಾಲದವರೆಗೆ ಉಳಿದಿರುತ್ತದೆ. ಹುಟ್ಟಿನ ಕಥೆಯನ್ನು ತಪ್ಪಾಗಿ ಹೇಳಿದರೆ ಕರ್ತವ್ಯದ ನಿರೂಪಣೆಯೂ ತಪ್ಪಾಗುವುದು ಸಹಜ.

ಪ್ರಾಥಮಿಕ ಶಾಲೆಯ ಸಲಹೆಗಾರರ ಹುದ್ದೆ ಸ್ಪಷ್ಟವಾದ ರೂಪವನ್ನು ಪಡೆದುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಆದುದರಿಂದ ಅಲ್ಲಿಯ ಚರಿತ್ರೆಯನ್ನೇ ಮುಖ್ಯವಾಗಿ ಆಧರಿಸಿ, ಅದನ್ನು ಕುರಿತು ಕೈಪಿಡಿಗಳಲ್ಲಿ ರೂಢವಾಗಿರುವ ಕಥನವನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ನಮ್ಮ ಭಾಷೆಯಲ್ಲಿ ಈ ವೃತ್ತಿಗೆ ಮಾರ್ಗದರ್ಶಕ, ಸಲಹೆಗಾರ, ಆಪ್ತಸಮಾಲೋಚಕ ಎಂಬ ಮಾತುಗಳು ಬಳಕೆಯಲ್ಲಿವೆ. ಇವುಗಳಲ್ಲಿ ಸರಳವಾದ 'ಸಲಹೆಗಾರ' ಎಂಬುದನ್ನೇ ನಾವು ಆರಿಸಿಕೊಂಡಿದ್ದೇವೆ. ಆದರೆ ಆ ಮಾತಿನಲ್ಲಿ ಒಂದು ತೊಡಕಿರುವುದನ್ನು ಮೊದಲೇ ಹೇಳಬೇಕು. ಸಲಹೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹಿರಿಯರು ಕಿರಿಯರಿಗೆ ಬುದ್ಧಿ ಹೇಳುವ ಚಿತ್ರ. ಇಲ್ಲಿ ವಿವಕ್ಷಿತವಾದ ಕೆಲಸ ಅದಲ್ಲ. ಇಲ್ಲಿ ಮೊದಲು ಮಾತನಾಡಬೇಕಾದುದು ಮಗು. ಹಿರಿಯರ ಪಾಲಿಗೆ ಬಂದದ್ದು ಕೇಳುವ ಕೆಲಸ.

೨

ರೂಢ ಕಥನದ ಸಾರಾಂಶ ಹೀಗಿದೆ. ೧೯೦೮ರಲ್ಲಿ ಫ್ರ್ಯಾಂಕ್ ಪಾರ್ಸನ್ಸ್ ಎಂಬವರು ಬಾಸ್ಟನ್ ನಗರದಲ್ಲಿ ತರುಣರಿಗೆ ಉದ್ಯೋಗದ ಆಯ್ಕೆಯಲ್ಲಿ ನೆರವಾಗುವ ಒಂದು ಕಚೇರಿಯನ್ನು ತೆರೆದರು. ಅದೇ ವರ್ಷ ಅವರು ತೀರಿಕೊಂಡರು. ಮರುವರ್ಷ ಅವರ ಗ್ರಂಥ ಪ್ರಕಟವಾಯಿತು. ಈ ವೃತ್ತಿಮಾರ್ಗದರ್ಶನ ಕ್ರಮೇಣ ಪ್ರೌಢಶಾಲೆಗಳನ್ನು ಸೇರಿತು. ೧೯೨೬ರಲ್ಲಿ ಕ್ಲಾರ್ಕ್ ವಿಶ್ವವಿದ್ಯಾಲಯದ ವಿಲಿಯಂ ಬರ್ನ್‌ಹ್ಯಾಂ ಉಪಾಧ್ಯಾಯರಿಗೂ ಮಕ್ಕಳ ಮಾನಸಿಕ ಆರೋಗ್ಯಕ್ಕೂ ಇರುವ ಸಂಬಂಧವನ್ನು ಕುರಿತು ಬರೆದು, ಪ್ರಾಥಮಿಕ ಶಾಲೆಯ ಕಡೆಗೆ ಗಮನ ಸೆಳೆದರು. ೧೯೫೮ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಶಾಸನ ಪ್ರೌಢಶಾಲೆಯ ಸಲಹೆಗಾರರಿಗೆ ಕೇಂದ್ರಸರ್ಕಾರದ ಧನವನ್ನು ಒದಗಿಸಿತು. ೧೯೬೪ರ ತಿದ್ದುಪಡಿಯಿಂದ ಅದು ಪ್ರಾಥಮಿಕ ಶಾಲೆಗೂ ಹರಿಯಿತು. ೧೯೬೬ರಲ್ಲಿ ವೃತ್ತಿಸಂಘಗಳ ಜಂಟಿ ಸಮಿತಿಯೊಂದು ಈ ಹುದ್ದೆಯ ಕರ್ತವ್ಯಗಳನ್ನು ನಿರೂಪಿಸಿತು.

೧೯೬೮ರಲ್ಲಿ ವರ್ನ್ ಫೌಸ್ಟ್ ಎಂಬ ವಿದ್ವಾಂಸರು ಈ ಬೆಳವಣಿಗೆಯನ್ನು ಮೂರು ಘಟ್ಟಗಳಾಗಿ ವಿಂಗಡಿಸಿದರು. ಪ್ರೌಢಶಾಲೆಯ ವಿಧಾನಗಳನ್ನೇ ಎರವಲು ತಂದವರು ಸಾಂಪ್ರದಾಯಿಕರು; ಅವನ್ನು ಭಾಗಶಃ ತಿದ್ದಿಕೊಂಡವರು ನವಸಾಂಪ್ರದಾಯಿಕರು; ತೊಂದರೆಗೆ ಸಿಕ್ಕಿದ ಕೆಲವರನ್ನಷ್ಟೇ ನೋಡದೆ ಎಲ್ಲ ಮಕ್ಕಳ ಬೆಳವಣಿಗೆಯನ್ನೂ ಕಲಿಕೆಯ ವಾತಾವರಣವನ್ನೂ ಲಕ್ಷಿಸಿದವರು ವಿಕಾಸವಾದಿಗಳು. ಈ ವಿಂಗಡಣೆ ಉಪಯುಕ್ತವಾದುದು. ಎರವಲಿನ ದೋಷವನ್ನು ಅದು ಮರೆಮಾಚುವುದಿಲ್ಲ. ಆದರೆ ಮೂರು ಘಟ್ಟಗಳನ್ನು ಮೂರು ಮೆಟ್ಟಿಲುಗಳಂತೆ ಓದುವ ಅಭ್ಯಾಸ ಅನಂತರ ಬೆಳೆಯಿತು. ಪಾರ್ಸನ್ಸರ ಕಚೇರಿಯಿಂದ ಹೊರಟು, ತಪ್ಪುಗಳನ್ನು ತಿದ್ದಿಕೊಳ್ಳುತ್ತ, ಹುದ್ದೆ ತಾನಾಗಿಯೇ ಮಗುವಿನ ಬಳಿಗೆ ಬಂದು ಸೇರಿತೆಂಬ ಭಾವನೆ ಇದರಿಂದ ಉಂಟಾಗುತ್ತದೆ. ನಮ್ಮ ಆಕ್ಷೇಪಣೆ ಇರುವುದು ಈ ಭಾವನೆಯನ್ನು ಕುರಿತು.

೩

ಮೊದಲನೆಯ ಆಕ್ಷೇಪಣೆ ಮೂಲವನ್ನು ಕುರಿತದ್ದು. ಪಾರ್ಸನ್ಸರ ಮುಂದಿದ್ದ ಪ್ರಶ್ನೆ, ಈ ತರುಣನಿಗೆ ಯಾವ ಉದ್ಯೋಗ ಒಗ್ಗುತ್ತದೆ ಎಂಬುದು. ಆರು ವರ್ಷದ ಮಗುವಿನ ಮುಂದೆ ಈ ಪ್ರಶ್ನೆಗೆ ಅರ್ಥವಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಈ ಮಗು ಏಕೆ ಕಲಿಯುತ್ತಿಲ್ಲ, ಏಕೆ ಮಾತನಾಡುತ್ತಿಲ್ಲ, ಏಕೆ ಶಾಲೆಗೆ ಬರುತ್ತಿಲ್ಲ? ಈ ಎರಡನೆಯ ಪ್ರಶ್ನೆಗೆ ಪ್ರತ್ಯೇಕವಾದ ವಂಶವೊಂದಿದೆ. ಅದು ಪಾರ್ಸನ್ಸರಿಗಿಂತ ಹಳೆಯದು.

೧೮೯೬ರಲ್ಲಿ ಫಿಲಡೆಲ್ಫಿಯಾದ ಶಾಲಾ ಉಪಾಧ್ಯಾಯಿನಿಯೊಬ್ಬರು ೧೪ ವರ್ಷದ ಹುಡುಗನೊಬ್ಬನನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಲೈಟ್ನರ್ ವಿಟ್ಮರ್ ಅವರಲ್ಲಿಗೆ ಕರೆದುಕೊಂಡು ಹೋದರು. ಬೇರೆ ವಿಷಯಗಳಲ್ಲಿ ಮಂದನಲ್ಲದ ಆ ಹುಡುಗನಿಗೆ ಪದಗಳನ್ನು ತಪ್ಪಿಲ್ಲದೆ ಬರೆಯುವುದು ಮಾತ್ರ ಸಾಧ್ಯವಾಗುತ್ತಿರಲಿಲ್ಲ. ಪರೀಕ್ಷಿಸಿ ನೋಡಿದಾಗ ದೃಷ್ಟಿಯಲ್ಲಿಯೂ ದೋಷವಿರುವುದು ಕಂಡುಬಂದಿತು. ಕನ್ನಡಕವನ್ನು ಒದಗಿಸಿ, ಅದರ ಜೊತೆಗೆ ವಿಶೇಷ ಪಾಠವನ್ನೂ ಏರ್ಪಡಿಸಲಾಯಿತು. ವಿಟ್ಮರರ ಮನಶ್ಚಿಕಿತ್ಸಾಲಯ ಆರಂಭವಾದುದು ಈ ಪ್ರಕರಣದಿಂದಲೇ. ಹುಡುಗನ ವಯಸ್ಸು ೧೪ ಆಗಿದ್ದರೂ ಅವನ ತೊಡಕು ಮೊದಲ ತರಗತಿಗಳಲ್ಲಿಯೇ ಬಿಡಿಸಬೇಕಾಗಿದ್ದುದು. ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಇನ್ನೂ ಒಂದಿದೆ. ತಜ್ಞರು ಬರುವುದಕ್ಕೆ ಮುಂಚೆ ಉಪಾಧ್ಯಾಯಿನಿಯ ಕಣ್ಣಿತ್ತು. ಹುಡುಗ ಸೋಮಾರಿಯೆಂದು ಆಕೆ ತೀರ್ಮಾನಿಸಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು.

ಹಾಗೆಯೇ ೧೯೦೬–೦೭ರ ಸುಮಾರಿನಲ್ಲಿ ನ್ಯೂಯಾರ್ಕ್, ಬಾಸ್ಟನ್, ಹಾರ್ಟ್‌ಫರ್ಡ್ ನಗರಗಳಲ್ಲಿ, ಒಂದರ ಪ್ರಭಾವ ಇನ್ನೊಂದರ ಮೇಲಿಲ್ಲದೆ, 'ಸಂದರ್ಶಕ ಉಪಾಧ್ಯಾಯ'ರ ನೇಮಕ ನಡೆಯಿತು. ನ್ಯೂಯಾರ್ಕಿನಲ್ಲಿ ಇದಕ್ಕೆ ಮುಂದಾದವು ವಲಸೆಗಾರರ ಬಡ ಕೇರಿಗಳಲ್ಲಿ ನೆಲಸಿ ಸೇವೆ ಸಲ್ಲಿಸುತ್ತಿದ್ದ ಸೇವಾಗೃಹಗಳು. ಈ ಸಂದರ್ಶಕರು ಮಗುವಿನ ಮನೆಗೆ ಹೋಗಿ, ತಾಯಿತಂದೆಯರ ಕಷ್ಟಸುಖವನ್ನು ವಿಚಾರಿಸಿ, ಶಾಲೆಗೆ ಮನೆಯನ್ನೂ ಮನೆಗೆ ಶಾಲೆಯನ್ನೂ ತಿಳಿಸಿಕೊಡುತ್ತಿದ್ದರು. ೧೯೨೧ರಲ್ಲಿ ಕಾಮನ್‌ವೆಲ್ತ್ ಫಂಡ್ ಎಂಬ ದತ್ತಿನಿಧಿ ಬಾಲಾಪರಾಧವನ್ನು ತಡೆಗಟ್ಟುವ ತನ್ನ ಕಾರ್ಯಕ್ರಮದಲ್ಲಿ ಇವರ ಕೆಲಸಕ್ಕೂ ನೆರವು ನೀಡಿತು. ಮುಂದೆ ಈ ಪರಂಪರೆ ಶಾಲಾ ಸಮಾಜಕಾರ್ಯವೆಂಬ ಬೇರೆ ವೃತ್ತಿಯಾಗಿ ಬೆಳೆದುದರಿಂದ, ಸಲಹೆಗಾರರ ಚರಿತ್ರೆಯಲ್ಲಿ ಇದಕ್ಕೆ ಸಲ್ಲಬೇಕಾದ ಸ್ಥಾನ ಸಾಮಾನ್ಯವಾಗಿ ಸಲ್ಲುವುದಿಲ್ಲ. ಪಾರ್ಸನ್ಸರ ಕಚೇರಿಯೂ ಒಂದು ಸೇವಾಗೃಹದ ಆಶ್ರಯದಲ್ಲಿಯೇ ತಲೆಯೆತ್ತಿತೆಂಬುದು ನಿಜ. ನೆಲ ಒಂದೇ ಆದರೂ ಬೆಳೆದ ಗಿಡಗಳು ಎರಡು. ರೂಢ ಕಥನ ಒಂದು ಗಿಡದ ಬೇರನ್ನು ಇನ್ನೊಂದರ ಹಣ್ಣಿಗೆ ಜೋಡಿಸುತ್ತದೆ.

೪

ಎರಡನೆಯ ಆಕ್ಷೇಪಣೆ ೧೯೫೮ ಮತ್ತು ೧೯೬೪ರ ನಡುವಣ ಕಾಲವನ್ನು ಕುರಿತದ್ದು. ೧೯೫೭ರ ಅಕ್ಟೋಬರ್ ೪ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಒಂದು ವರ್ಷದೊಳಗೆ ಅಮೆರಿಕದಲ್ಲಿ ಮೇಲೆ ಹೇಳಿದ ಶಾಸನ ಜಾರಿಗೆ ಬಂದಿತು. ಅದರ ಹೆಸರಿನಲ್ಲಿಯೇ ರಕ್ಷಣೆ ಎಂಬ ಮಾತಿದೆ. ಅದರ ಐದನೆಯ ಅಧ್ಯಾಯ ಪ್ರೌಢಶಾಲೆಗಳಲ್ಲಿ ಪ್ರತಿಭಾವಂತರನ್ನು ಪರೀಕ್ಷೆಗಳ ಮೂಲಕ ಗುರುತಿಸುವುದಕ್ಕೂ, ಅವರನ್ನು ಉನ್ನತ ವ್ಯಾಸಂಗದ ಕಡೆಗೆ ನಡೆಸುವುದಕ್ಕೂ, ಸಲಹೆಗಾರರಿಗೆ ತರಬೇತಿ ಕೊಡುವುದಕ್ಕೂ ಹಣವನ್ನು ಗೊತ್ತುಮಾಡಿತು. ರಾಜ್ಯಕ್ಕೆ ವಿಜ್ಞಾನಿಗಳೂ ಎಂಜಿನಿಯರುಗಳೂ ಬೇಕಾಗಿದ್ದರು. ಅವರನ್ನು ಹುಡುಕಿಕೊಡುವ ಕೆಲಸ ಸಲಹೆಗಾರರ ಪಾಲಿಗೆ ಬಂದಿತು.

ಇದನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ರಾಜ್ಯದ ಅಗತ್ಯವೂ ವ್ಯಕ್ತಿಯ ಹಿತವೂ ಒಂದೇ ದಾರಿಯಲ್ಲಿ ಸಾಗುವ ಸಂದರ್ಭಗಳಿವೆ. ಆದರೆ ೧೯೬೪ರಲ್ಲಿ ಇದೇ ಅಧ್ಯಾಯವನ್ನು ಪ್ರಾಥಮಿಕ ಶಾಲೆಗೆ ವಿಸ್ತರಿಸಿದಾಗ, ಹದಿಹರೆಯದವರಿಗಾಗಿ ಸಿದ್ಧವಾಗಿದ್ದ ವ್ಯವಸ್ಥೆ ಕಿರಿಯರಿಗೆ ಬಂದಿತು. ಅಣ್ಣನ ಅಂಗಿಯನ್ನು ಕತ್ತರಿಸಿ ತಮ್ಮನಿಗೆ ತೊಡಿಸಿದಂತಾಯಿತು. ಬಟ್ಟೆ ಒಳ್ಳೆಯದೇ, ಅಳತೆ ಮಾತ್ರ ಅವನದಲ್ಲ. ೧೯೬೨ರಲ್ಲಿಯೇ ಗಿಲ್ಬರ್ಟ್ ರೆನ್ ಅವರು, ಬದಲಾಗುತ್ತಿರುವ ಪ್ರಪಂಚದಲ್ಲಿ ಸಲಹೆಗಾರನ ಸ್ಥಾನವನ್ನು ವಿವೇಚಿಸಿದ ತಮ್ಮ ಗ್ರಂಥದಲ್ಲಿ, ಬಿಕ್ಕಟ್ಟಿನ ಪರಿಹಾರಕ್ಕಿಂತ ಎಲ್ಲ ವಿದ್ಯಾರ್ಥಿಗಳ ಬೆಳವಣಿಗೆಯ ಅಗತ್ಯಗಳಿಗೆ ಪ್ರಾಧಾನ್ಯ ಸಲ್ಲಬೇಕೆಂದು ವಾದಿಸಿದ್ದರು. ಅದೇ ವರ್ಷದ ಇನ್ನೊಂದು ಪ್ರಬಂಧದಲ್ಲಿ, ಸಲಹೆಗಾರ ತನ್ನ ಸಂಸ್ಕೃತಿಯ ಕವಚದೊಳಗೆ ತಾನೇ ಸಿಕ್ಕಿಕೊಳ್ಳುವ ಅಪಾಯವನ್ನೂ ತೋರಿಸಿದ್ದರು. ಫೌಸ್ಟರು ಕಂಡ ವಿಕಾಸವಾದಕ್ಕೆ ಬೌದ್ಧಿಕ ಸಿದ್ಧತೆ ಹೀಗೆ ನಡೆದಿದ್ದಿತು. ಆದರೆ ವಿಚಾರದ ಚರಿತ್ರೆ ಒಂದು, ಹಣದ ಚರಿತ್ರೆ ಇನ್ನೊಂದು. ವಿಚಾರ ಎಲ್ಲ ಮಕ್ಕಳ ಬೆಳವಣಿಗೆಯನ್ನು ಕುರಿತು ಮಾತನಾಡುತ್ತಿದ್ದಾಗ, ಹಣ ಬಂದುದು ಪ್ರತಿಭಾನ್ವೇಷಣೆಗೆಂದು ತೋಡಿದ ಕಾಲುವೆಯಲ್ಲಿ. ಎರಡನ್ನೂ ಒಂದೇ ಪ್ರವಾಹವೆಂದು ಹೇಳುವುದು ಸರಿಯಲ್ಲ.

೫

ಮೂರನೆಯ ಆಕ್ಷೇಪಣೆ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಪ್ರಾಥಮಿಕ ಶಾಲೆಯ ಮಗುವಿನ ಮನಸ್ಸನ್ನು ಕುರಿತು ಅಮೆರಿಕದ ಚರಿತ್ರೆಯಲ್ಲಿ ನಡೆದ ಅತ್ಯಂತ ಗಂಭೀರವಾದ ವಾದ ಯಾವ ಸಲಹೆಗಾರರ ಕೊಠಡಿಯಲ್ಲಿಯೂ ನಡೆಯಲಿಲ್ಲ. ಅದು ನಡೆದುದು ಸರ್ವೋಚ್ಚ ನ್ಯಾಯಾಲಯದಲ್ಲಿ. ೧೯೫೪ರ ಮೇ ತಿಂಗಳಲ್ಲಿ ಬ್ರೌನ್ ಮೊಕದ್ದಮೆಯ ತೀರ್ಪು ಹೊರಬಿದ್ದಿತು. ಅದರ ಮೂಲದಲ್ಲಿದ್ದವಳು ಕಾನ್ಸಾಸ್ ಸಂಸ್ಥಾನದ ಟೊಪೀಕ ನಗರದ ಪ್ರಾಥಮಿಕ ಶಾಲೆಯ ಬಾಲಕಿ. ಬಣ್ಣದ ಕಾರಣದಿಂದ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಇರಿಸಿದರೆ ಅವರಲ್ಲಿ ತಾವು ಕೀಳೆಂಬ ಭಾವನೆ ಬೇರೂರುತ್ತದೆಂದು ನ್ಯಾಯಾಲಯ ಹೇಳಿತು; ಅದಕ್ಕೆ ಆಧಾರವಾಗಿ ಉಲ್ಲೇಖಿಸಿದ ಬರಹಗಳಲ್ಲಿ ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಅವರದೂ ಒಂದಾಗಿದ್ದಿತು. ಕೆನೆತ್ ಮತ್ತು ಅವರ ಪತ್ನಿ ಮೇಮಿ ಕ್ಲಾರ್ಕ್ ಇಬ್ಬರೂ ಕಪ್ಪು ಬಣ್ಣದ ಮತ್ತು ಬಿಳಿ ಬಣ್ಣದ ಗೊಂಬೆಗಳನ್ನು ಮಕ್ಕಳ ಮುಂದಿಟ್ಟು ಅವರ ಆಯ್ಕೆಗಳನ್ನು ಅಭ್ಯಾಸಮಾಡಿದ್ದರು. ೧೯೪೬ರಲ್ಲಿ ಅವರು ನ್ಯೂಯಾರ್ಕಿನ ಹಾರ್ಲೆಂ ಪ್ರದೇಶದಲ್ಲಿ ಮಕ್ಕಳ ಬೆಳವಣಿಗೆಗಾಗಿ ಒಂದು ಕೇಂದ್ರವನ್ನು ತೆರೆದಾಗ, ಬುದ್ಧಿಮಾಂದ್ಯರೆಂದು ಪ್ರತ್ಯೇಕ ತರಗತಿಗಳಿಗೆ ಕಳುಹಿಸಲ್ಪಟ್ಟ ಮಕ್ಕಳಲ್ಲಿ ಅನೇಕರು ನಿಜವಾಗಿ ಹಾಗಿಲ್ಲವೆಂಬುದು ಪರೀಕ್ಷೆಗಳಿಂದ ತಿಳಿದುಬಂದಿತು.

ಇದನ್ನು ಸಲಹೆಗಾರರ ಚರಿತ್ರೆಯೊಳಗೆ ತಂದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಮಗುವಿನ ವ್ಯಥೆಗೆ ಕಾರಣ ಮಗುವಿನೊಳಗೆ ಇರಬಹುದು, ಮನೆಯಲ್ಲಿರಬಹುದು, ಶಾಲೆಯಲ್ಲಿಯೇ ಇರಬಹುದು. ಕಾರಣ ಶಾಲೆಯಲ್ಲಿದ್ದಾಗ ಮಗುವನ್ನು ಪ್ರತ್ಯೇಕವಾಗಿ ಕರೆದು ಸಮಾಧಾನ ಹೇಳುವುದರಿಂದ ಆಗುವುದೇನು? ಅನ್ಯಾಯಕ್ಕೆ ಹೊಂದಿಕೊಳ್ಳುವಂತೆ ಮಗುವನ್ನು ಪಳಗಿಸಿದಂತೆ ಆಗಬಹುದು. ಮಗುವನ್ನು ಶಾಲೆಗೆ ಹೊಂದಿಸುವುದು ಸಲಹೆಗಾರರ ಕೆಲಸವೋ, ಶಾಲೆಯನ್ನು ಮಗುವಿಗೆ ಹೊಂದಿಸುವುದು ಅವರ ಕೆಲಸವೋ? ಮೂರು ಘಟ್ಟಗಳ ಕಥನವನ್ನು ಮೆಟ್ಟಿಲುಗಳಂತೆ ಓದಿದಾಗ ಈ ಪ್ರಶ್ನೆ ಏಳುವುದೇ ಇಲ್ಲ; ವಿಧಾನಗಳು ಸುಧಾರಿಸಿದವೆಂಬ ಸಮಾಧಾನವಷ್ಟೇ ಉಳಿಯುತ್ತದೆ.

೬

ಈಗ ೧೯೬೬ರ ಜಂಟಿ ಸಮಿತಿಯ ನಿರೂಪಣೆಯನ್ನು ನೋಡೋಣ. ಪ್ರಾಥಮಿಕ ಶಾಲೆಯ ಸಲಹೆಗಾರರಿಗೆ ಅದು ಮೂರು ಕರ್ತವ್ಯಗಳನ್ನು ವಿಧಿಸಿತು: ಮಕ್ಕಳೊಡನೆ ಸಮಾಲೋಚನೆ, ಉಪಾಧ್ಯಾಯರೊಡನೆ ಮತ್ತು ಪೋಷಕರೊಡನೆ ವಿಚಾರವಿನಿಮಯ, ಶಾಲೆಯ ಒಳಗಿನ ಹಾಗೂ ಹೊರಗಿನ ಸೇವೆಗಳ ಸಂಯೋಜನೆ. ಎರಡನೆಯ ಕರ್ತವ್ಯವನ್ನು ಮೊದಲನೆಯದರ ಸಮಕ್ಕೆ ಇರಿಸಿದುದು ಈ ನಿರೂಪಣೆಯ ಹಿರಿಮೆ. ಚಿಕ್ಕ ಮಗು ತನ್ನ ಪರಿಸರವನ್ನು ತಾನೇ ಬದಲಾಯಿಸಿಕೊಳ್ಳಲಾರದು. ಅದನ್ನು ಬದಲಾಯಿಸಬಲ್ಲವರು ಹಿರಿಯರು. ಆದುದರಿಂದ ಹಿರಿಯರೊಡನೆ ಮಾತನಾಡುವುದೂ ಮಗುವಿನ ಕೆಲಸವೇ ಎಂಬ ಅರಿವು ಇಲ್ಲಿದೆ. ತಿಳಿದೋ ತಿಳಿಯದೆಯೋ, ಹಳೆಯ ಸಂದರ್ಶಕ ಉಪಾಧ್ಯಾಯರ ಮಾರ್ಗಕ್ಕೆ ಸಮಿತಿ ಮರಳಿತು.

ದೌರ್ಬಲ್ಯವಿರುವುದು ಮೂರನೆಯ ಕರ್ತವ್ಯದಲ್ಲಿ. ಸಂಯೋಜನೆ ಎಂಬ ಮಾತಿಗೆ ಎಲ್ಲೆಯಿಲ್ಲ. ಪರೀಕ್ಷೆಗಳ ಏರ್ಪಾಡು, ದಾಖಲೆಗಳ ಜೋಡಣೆ, ವೇಳಾಪಟ್ಟಿಯ ತಯಾರಿಕೆ, ಗೈರುಹಾಜರಾದ ಉಪಾಧ್ಯಾಯರ ತರಗತಿಯನ್ನು ನೋಡಿಕೊಳ್ಳುವುದು, ಎಲ್ಲವೂ ಆ ಹೆಸರಿನ ಕೆಳಗೆ ಬಂದು ಸೇರಬಹುದು. ಇದು ಬರಿಯ ಊಹೆಯಲ್ಲ. ೧೯೫೨ರಲ್ಲಿ ಸ್ಥಾಪಿತವಾದ ಅಮೆರಿಕದ ಶಾಲಾ ಸಲಹೆಗಾರರ ಸಂಘ ೨೦೦೩ರಲ್ಲಿ ಒಂದು ರಾಷ್ಟ್ರೀಯ ಮಾದರಿಯನ್ನು ಪ್ರಕಟಿಸಿತು. ಸಲಹೆಗಾರರಿಗೆ ಒಪ್ಪಿಸಬಾರದ ಕೆಲಸಗಳನ್ನು ಆ ಸಂಘ ಪಟ್ಟಿಮಾಡಿ ಹೇಳುತ್ತಿದೆ. ಪರೀಕ್ಷೆಗಳ ಆಡಳಿತ, ವೇಳಾಪಟ್ಟಿ, ಬದಲಿ ಪಾಠ, ಶಿಸ್ತಿನ ಕ್ರಮ ಇವೆಲ್ಲ ಅದರಲ್ಲಿವೆ. ನಿಷೇಧ ಎಲ್ಲಿದೆಯೋ ಅಲ್ಲಿ ಆಚರಣೆಯೂ ಇದ್ದಿತೆಂದು ಊಹಿಸುವುದು ಶಾಸನಗಳನ್ನು ಓದುವವರಿಗೆ ಪರಿಚಿತವಾದ ನ್ಯಾಯ. ಶಿಸ್ತಿನ ವಿಷಯವಂತೂ ವಿಶೇಷವಾಗಿ ಗಮನಾರ್ಹ. ದಂಡಿಸುವ ಅಧಿಕಾರವೂ ಗುಟ್ಟನ್ನು ಕೇಳುವ ಅಧಿಕಾರವೂ ಒಂದೇ ಕೈಯಲ್ಲಿದ್ದರೆ ಮಗು ಬಾಯಿಬಿಡುವುದಿಲ್ಲ.

ಇನ್ನೊಂದು ಸಂಗತಿ. ಪ್ರಾಥಮಿಕ ಶಾಲೆಯ ಸಲಹೆಗಾಗಿಯೇ ಮೀಸಲಾದ ನಿಯತಕಾಲಿಕೆಯೊಂದು ೧೯೬೭ರಲ್ಲಿ ಆರಂಭವಾಗಿ, ೧೯೯೭ರಲ್ಲಿ ಎಲ್ಲ ಹಂತಗಳಿಗೂ ಸಾಮಾನ್ಯವಾದ ಪತ್ರಿಕೆಯಲ್ಲಿ ಲೀನವಾಯಿತು. ೨೦೦೩ರ ಮಾದರಿಯೂ ಶಿಶುವರ್ಗದಿಂದ ಪ್ರೌಢಶಾಲೆಯವರೆಗೆ ಒಂದೇ ಚೌಕಟ್ಟನ್ನು ಒದಗಿಸುತ್ತದೆ. ವೃತ್ತಿಯ ಏಕತೆಗೆ ಇದರಿಂದ ಪ್ರಯೋಜನವಾಗಿರಬಹುದು. ಆದರೆ ಚಿಕ್ಕ ಮಕ್ಕಳೊಡನೆ ಮಾಡುವ ಕೆಲಸ ಬೇರೆಯೇ ಒಂದು ಕೆಲಸ ಎಂಬ ಅರಿವು ಇದರಿಂದ ಮಸುಕಾಯಿತೆಂದು ನಮಗೆ ತೋರುತ್ತದೆ.

ಸಂಖ್ಯೆಯ ಮಾತನ್ನೂ ಬಿಡುವಂತಿಲ್ಲ. ಒಬ್ಬ ಸಲಹೆಗಾರರಿಗೆ ೨೫೦ ವಿದ್ಯಾರ್ಥಿಗಳೆಂಬುದು ಆ ಸಂಘದ ಶಿಫಾರಸು. ೨೦೨೩–೨೪ರಲ್ಲಿ ಎಲ್ಲ ಹಂತಗಳನ್ನೂ ಸೇರಿಸಿದ ಸರಾಸರಿ ೩೭೬. ವಾರಕ್ಕೆ ೩೦ ಗಂಟೆ ಶಾಲೆಯೆಂದು ಹಿಡಿದು, ಅಷ್ಟನ್ನೂ ಮಕ್ಕಳೊಡನೆಯೇ ಕಳೆದರೂ, ಒಂದು ಮಗುವಿನ ಪಾಲಿಗೆ ಐದು ನಿಮಿಷವೂ ಬರುವುದಿಲ್ಲ. ಶಿಫಾರಸಿನ ಪ್ರಮಾಣದಲ್ಲಿಯೂ ಬರುವುದು ಏಳು ನಿಮಿಷ ಮಾತ್ರ. ಎಲ್ಲ ಮಕ್ಕಳ ಬೆಳವಣಿಗೆ ಎಂಬ ಆದರ್ಶವನ್ನು ಒಬ್ಬೊಬ್ಬರನ್ನೇ ಕಂಡು ನೆರವೇರಿಸುವುದು ಸಾಧ್ಯವಿಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ. ಉಪಾಧ್ಯಾಯರ ಮೂಲಕವಲ್ಲದೆ ಅದಕ್ಕೆ ಬೇರೆ ದಾರಿಯಿಲ್ಲ.

೭

ಹಾಗಾದರೆ ಉಪಾಧ್ಯಾಯರೇ ಸಾಕಲ್ಲವೆ ಎಂದು ಕೇಳಬಹುದು. ೧೯೩೨ರಲ್ಲಿ ಜಾನ್ ಬ್ರೂಅರ್ ಶಿಕ್ಷಣವೆಂದರೆ ಮಾರ್ಗದರ್ಶನವೇ ಎಂದು ಪ್ರತಿಪಾದಿಸಿದ್ದರು. ಈ ವಾದದಲ್ಲಿ ದೊಡ್ಡ ಸತ್ಯವಿದೆ; ಫಿಲಡೆಲ್ಫಿಯಾದ ಉಪಾಧ್ಯಾಯಿನಿಯೇ ಅದಕ್ಕೆ ಸಾಕ್ಷಿ. ಆದರೆ ಆಕೆ ಹುಡುಗನನ್ನು ಇನ್ನೊಬ್ಬರ ಬಳಿಗೆ ಕರೆದುಕೊಂಡು ಹೋದರೆಂಬುದನ್ನು ಮರೆಯಬಾರದು. ತೊಡಕಿದೆಯೆಂದು ಕಾಣುವ ಕಣ್ಣು ಒಂದು, ತೊಡಕು ಯಾವುದೆಂದು ಬಿಡಿಸುವ ವಿದ್ಯೆ ಇನ್ನೊಂದು. ಮೇಲಾಗಿ ಅಂಕ ಕೊಡುವವರೂ ತೇರ್ಗಡೆ ಮಾಡುವವರೂ ಉಪಾಧ್ಯಾಯರೇ ಆಗಿರುವಾಗ, ಅವರಿಂದಲೇ ನೊಂದ ಮಗು ಯಾರ ಬಳಿಗೆ ಹೋಗಬೇಕು? ಉಪಾಧ್ಯಾಯರಿಲ್ಲದ ಸಲಹೆಗಾರ ಕುರುಡ. ಸಲಹೆಗಾರರಿಲ್ಲದ ಉಪಾಧ್ಯಾಯ ಒಂಟಿ. ಹುದ್ದೆಯ ಸಮರ್ಥನೆ ಇರುವುದು ಈ ಪರಸ್ಪರ ಅಗತ್ಯದಲ್ಲಿ.

೮

ಈ ವಿಮರ್ಶೆ ನಮ್ಮ ದೇಶಕ್ಕೂ ಸಂಬಂಧಿಸಿದುದು. ೧೯೫೨–೫೩ರ ಮೊದಲಿಯಾರ್ ಆಯೋಗ ಮಾರ್ಗದರ್ಶನವನ್ನು ಶಿಫಾರಸುಮಾಡಿದುದು ಮಾಧ್ಯಮಿಕ ಶಿಕ್ಷಣದ ಸಂದರ್ಭದಲ್ಲಿ. ೧೯೫೪ರಲ್ಲಿ ಕೇಂದ್ರ ಶೈಕ್ಷಣಿಕ ಮತ್ತು ವೃತ್ತಿ ಮಾರ್ಗದರ್ಶನ ಸಂಸ್ಥೆ ಸ್ಥಾಪಿತವಾಯಿತು. ೧೯೬೪–೬೬ರ ಕೊಠಾರಿ ಆಯೋಗ ಒಂದು ಹೆಜ್ಜೆ ಮುಂದೆ ಹೋಗಿ, ಮಾರ್ಗದರ್ಶನ ಪ್ರಾಥಮಿಕ ಶಾಲೆಯ ಅತ್ಯಂತ ಕೆಳಗಿನ ತರಗತಿಯಿಂದಲೇ ಆರಂಭವಾಗಬೇಕೆಂದು ಹೇಳಿತು. ಶಾಲೆಗಳ ಸಂಖ್ಯೆ ಅಪಾರವಾದುದರಿಂದ, ಮಕ್ಕಳ ವೈಯಕ್ತಿಕ ಭೇದಗಳನ್ನೂ ಕಲಿಕೆಯ ತೊಡಕುಗಳನ್ನೂ ಗುರುತಿಸುವ ತಿಳಿವಳಿಕೆಯನ್ನು ಉಪಾಧ್ಯಾಯರ ತರಬೇತಿಯಲ್ಲಿಯೇ ಸೇರಿಸಬೇಕೆಂಬುದು ಅದರ ಮಾರ್ಗ. ಅಮೆರಿಕದಲ್ಲಿ ಸಲಹೆಗಾರರ ಹುದ್ದೆಗೆ ಹಣ ಒದಗಿದ ವರ್ಷಗಳಲ್ಲಿಯೇ ನಮ್ಮ ಆಯೋಗ ಉಪಾಧ್ಯಾಯರಲ್ಲಿ ಆ ಗುಣವನ್ನು ಬೆಳೆಸಲು ಹೇಳಿತು. ಬಡತನದಿಂದ ಹುಟ್ಟಿದ ಸೂಚನೆಯೆಂದು ಅದನ್ನು ಅಲ್ಲಗಳೆಯುವುದು ಸುಲಭ. ಮೇಲಿನ ಲೆಕ್ಕವನ್ನು ನೋಡಿದರೆ ಅದು ವಿವೇಕದ ಸೂಚನೆಯೂ ಆಗಿದ್ದಿತು.

೨೦೦೯ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿ, ಮಗುವನ್ನು ಭಯ ಮತ್ತು ಆತಂಕಗಳಿಂದ ಮುಕ್ತಗೊಳಿಸುವುದನ್ನು ಪಠ್ಯಕ್ರಮದ ಧ್ಯೇಯಗಳಲ್ಲಿ ಸೇರಿಸಿತು. ಆದರೆ ಶಾಲೆಗೆ ಇರಬೇಕಾದ ಸಿಬ್ಬಂದಿಯನ್ನು ಹೇಳುವ ಅದರ ಅನುಸೂಚಿಯಲ್ಲಿ ಸಲಹೆಗಾರರಿಗೆ ಸ್ಥಳವಿಲ್ಲ. ೨೦೨೫ರ ಜುಲೈಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ, ೧೦೦ ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣಸಂಸ್ಥೆಗಳಲ್ಲಿ ಅರ್ಹ ಸಲಹೆಗಾರ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರೊಬ್ಬರಾದರೂ ಇರಬೇಕೆಂದು ಮಾರ್ಗಸೂಚಿಯನ್ನು ನೀಡಿತು. ಆ ಪ್ರಕರಣ ಹುಟ್ಟಿದುದು ವೈದ್ಯಕೀಯ ಪ್ರವೇಶಪರೀಕ್ಷೆಗೆ ಸಿದ್ಧಳಾಗುತ್ತಿದ್ದ ವಿದ್ಯಾರ್ಥಿನಿಯ ಸಾವಿನಿಂದ. ಸ್ವಾಗತಿಸಬೇಕಾದ ಆದೇಶವಿದು. ಆದರೆ ಇಲ್ಲಿಯೂ ಹದಿಹರೆಯದವರ ಬಿಕ್ಕಟ್ಟಿನಿಂದ ಹೊರಟ ವ್ಯವಸ್ಥೆ ಕೆಳಗಿನ ತರಗತಿಗಳಿಗೆ ಇಳಿಯಲಿದೆ ಎಂಬುದನ್ನು ಗಮನಿಸಬೇಕು. ೧೯೫೮ರಿಂದ ೧೯೬೪ಕ್ಕೆ ಅಮೆರಿಕ ನಡೆದ ದಾರಿ ಇದೇ.

ಆದುದರಿಂದ ನಮ್ಮ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಪ್ರಾಥಮಿಕ ಶಾಲೆಯ ಸಲಹೆಗಾರರ ನಿಜವಾದ ಪೂರ್ವಿಕರು ವೃತ್ತಿಮಾರ್ಗದರ್ಶಕರಲ್ಲ. ಮಗುವಿನ ತೊಡಕನ್ನು ಕಂಡ ಉಪಾಧ್ಯಾಯರು ಮತ್ತು ಮಗುವಿನ ಮನೆಗೆ ನಡೆದುಹೋದ ಸಂದರ್ಶಕರು. ಈ ವಂಶವನ್ನು ಒಪ್ಪಿಕೊಂಡರೆ ಕರ್ತವ್ಯಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ಸಲಹೆಗಾರರು ದಂಡಾಧಿಕಾರದಿಂದ ದೂರವಿರಬೇಕು. ದಾಖಲೆ ಮತ್ತು ಪರೀಕ್ಷೆಗಳ ಗುಮಾಸ್ತೆಯಾಗಬಾರದು. ಉಪಾಧ್ಯಾಯರ ಮತ್ತು ಪೋಷಕರ ಜೊತೆಗಾರರಾಗಬೇಕು. ದೋಷ ಶಾಲೆಯಲ್ಲಿಯೇ ಇದ್ದಾಗ ಅದನ್ನು ಶಾಲೆಗೆ ಹೇಳುವ ಸ್ವಾತಂತ್ರ್ಯ ಅವರಿಗೆ ಇರಬೇಕು. ಈ ನಾಲ್ಕನೆಯದನ್ನು ಯಾವ ನಿರೂಪಣೆಯೂ ಬರಿಯ ಮಾತಿನಿಂದ ಒದಗಿಸಲಾರದು. ನೇಮಕ ಮಾಡುವವರು ಯಾರು, ಸಂಬಳ ಕೊಡುವವರು ಯಾರು, ವರದಿ ಸೇರುವುದು ಯಾರಿಗೆ ಎಂಬುದನ್ನು ಅದು ಅವಲಂಬಿಸಿದೆ. ನಮ್ಮಲ್ಲಿ ಈ ಹುದ್ದೆ ಈಗಷ್ಟೇ ರೂಪುಗೊಳ್ಳುತ್ತಿರುವುದರಿಂದ ಇವನ್ನು ತೀರ್ಮಾನಿಸುವುದಕ್ಕೆ ಕಾಲ ಮೀರಿಲ್ಲ. ಶಿಕ್ಷಣಶಾಸ್ತ್ರದ ಮತ್ತು ಚರಿತ್ರೆಯ ಅಧ್ಯಾಪಕರು ಒಟ್ಟಿಗೆ ಕುಳಿತು ಈ ವಿಷಯವನ್ನು ಪರಿಶೀಲಿಸಬೇಕೆಂಬುದೇ ನಮ್ಮ ಅಪೇಕ್ಷೆ.